ಕೊಟ್ಟರೂ ಮುಗಿಯದ ಕೋಶ: ರಕ್ತದ ಮೂಲ ಹುಡುಕಿದ ಇಬ್ಬರ ಕಥೆ



ಈ ಸಲದ ರಕ್ತದಾನ ಶಿಬಿರ ನಿಮಗೆಲ್ಲ ನೆನಪಿರಬಹುದು. ಭಾನುವಾರದ ಎರಡನೇ ಬಲಿಪೂಜೆ ಮುಗಿದ ಕೂಡಲೇ ಇಗರ್ಜಿಯ ಸಭಾಂಗಣದಲ್ಲಿ ಸಾಲು ಶುರುವಾಗಿತ್ತು. ಎಲ್ಲ ವಾಳೆಗಳಿಂದ ಜನ ಬಂದಿದ್ದರು. ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ರಕ್ತ ಸಂಗ್ರಹವಾಯಿತು. ಶಿಬಿರದ ಕೊನೆಗೆ ಬಂದಿದ್ದ ವೈದ್ಯರು ಇನ್ನೊಂದು ಮಾತು ಕೇಳಿದರು: "ರಕ್ತ ಕೊಟ್ಟಿರಿ, ಸಂತೋಷ. ನಿಮ್ಮಲ್ಲಿ ಎಷ್ಟು ಮಂದಿ ಅಸ್ಥಿಮಜ್ಜೆಯ ದಾನಿಗಳಾಗಿ ಹೆಸರು ಕೊಡುತ್ತೀರಿ?"

ಸಭಾಂಗಣ ಒಮ್ಮೆಲೇ ತಣ್ಣಗಾಯಿತು. ಅಷ್ಟು ಹೊತ್ತು ನಗುತ್ತಾ ಬಿಸ್ಕಿಟು, ಜ್ಯೂಸು ಹಂಚುತ್ತಿದ್ದ ನಾವೇ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಮೆಲ್ಲಗೆ ಮೂರು ಪ್ರಶ್ನೆಗಳು ಬಂದವು. "ಬೆನ್ನುಹುರಿಯಿಂದ ತೆಗೆಯುತ್ತಾರಂತೆ, ಕೈಕಾಲು ಬಿದ್ದುಹೋದರೆ?" ಎಂದು ಒಬ್ಬರು. "ಒಮ್ಮೆ ಕೊಟ್ಟರೆ ನಮಗೇ ಕಡಿಮೆಯಾಗುವುದಿಲ್ಲವಾ?" ಎಂದು ಇನ್ನೊಬ್ಬರು. "ಸ್ಟೆಮ್ ಸೆಲ್ ಅಂದರೆ ಧರ್ಮಸಭೆ ಬೇಡ ಅನ್ನುತ್ತದಲ್ಲ?" ಎಂದು ಮೂರನೆಯವರು. ಬಿಎಸ್ಸಿ ಓದಿದವರು ಎಂದು ಎಲ್ಲರೂ ನಮ್ಮ ಕಡೆ ನೋಡಿದರು. ನಮಗೂ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. ಆ ದಿನ ಬರೆಸಿದ ಹೆಸರುಗಳು ಒಂದು ಕೈಯ ಬೆರಳಿನಷ್ಟೂ ಇರಲಿಲ್ಲ.

ನಮ್ಮ ಕ್ಯಾಟಿಕಿಸಂ ತರಗತಿಯ ಒಬ್ಬ ಹುಡುಗ ಈಗ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾನೆ. ಅವನಿಗೆ ಇರುವುದು ಒಬ್ಬಳೇ ತಂಗಿ. ಅವಳ ಮಜ್ಜೆ ಅವನಿಗೆ ಹೊಂದುವುದಿಲ್ಲ. ಇದು ತಿಳಿದಿದ್ದೂ ನಾವು ಉತ್ತರ ಹೇಳಲಾರದೆ ಹೋದೆವಲ್ಲ ಎಂಬ ಬೇಸರ ನಮ್ಮನ್ನು ಬಿಡಲಿಲ್ಲ. ಹಾಗಾಗಿ ಪುಸ್ತಕ ತೆರೆದು ಹುಡುಕಿದೆವು. ಹುಡುಕುತ್ತಾ ಹೋದಾಗ ಆ ಪ್ರಶ್ನೆಗಳಲ್ಲಿ ಮುಖ್ಯವಾದ ಒಂದಕ್ಕೆ 60 ವರ್ಷಗಳ ಹಿಂದೆಯೇ ಕೆನಡಾದ ಟೊರೊಂಟೊ ನಗರದಲ್ಲಿ ಉತ್ತರ ಸಿಕ್ಕಿತ್ತು ಎಂದು ಗೊತ್ತಾಯಿತು. ಆ ಕಥೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ರಕ್ತ ಎಲ್ಲಿಂದ ಬರುತ್ತದೆ?

ನಮ್ಮ ರಕ್ತದ ಒಂದು ಕೆಂಪುಕಣದ ಆಯುಷ್ಯ ಸುಮಾರು 120 ದಿನ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳದ್ದು ಹತ್ತು ದಿನದೊಳಗೆ. ಕೆಲವು ಬಿಳಿಕಣಗಳು ಒಂದೆರಡು ದಿನವೂ ಉಳಿಯುವುದಿಲ್ಲ. ಹೋದವರ ಜಾಗಕ್ಕೆ ಹೊಸಬರು ಬರುತ್ತಲೇ ಇರಬೇಕು. ದೇಹ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣಗಳನ್ನು ಹೊಸದಾಗಿ ಮಾಡುತ್ತದೆ. ನೀವು ಈ ಸಾಲು ಓದಿ ಮುಗಿಸುವಷ್ಟರಲ್ಲಿ ಒಂದು ಕೋಟಿಯಾದರೂ ಆಗಿರುತ್ತದೆ. ಈ ಕೆಲಸ ನಡೆಯುವುದು ಮೂಳೆಯ ಒಳಗಿನ ಮೆತ್ತನೆಯ ಭಾಗದಲ್ಲಿ. ಅದೇ ಅಸ್ಥಿಮಜ್ಜೆ.

ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್, ಇವೆಲ್ಲಕ್ಕೂ ಒಂದೇ ತಾಯಿಕೋಶ ಇದೆಯೇ, ಅಥವಾ ಒಂದೊಂದಕ್ಕೂ ಬೇರೆ ಬೇರೆಯೇ? ಇಪ್ಪತ್ತನೇ ಶತಮಾನದ ಆರಂಭದಿಂದಲೂ ವಿಜ್ಞಾನಿಗಳು ಇದರ ಬಗ್ಗೆ ವಾದ ಮಾಡುತ್ತಿದ್ದರು. ಒಂದೇ ಮೂಲ ಇರಬೇಕು ಎಂದವರಿದ್ದರು. ಆದರೆ ಅದನ್ನು ತೋರಿಸಿದವರಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಜ್ಜೆಯ ಎಳೆಯ ಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ.

1945ರಲ್ಲಿ ಹಿರೋಶಿಮಾ, ನಾಗಾಸಾಕಿಗಳ ಮೇಲೆ ಅಣುಬಾಂಬ್ ಬಿದ್ದ ಮೇಲೆ ಈ ಪ್ರಶ್ನೆಗೆ ಅವಸರ ಬಂತು. ಸ್ಫೋಟದಿಂದ ಪಾರಾದವರಲ್ಲಿ ಅನೇಕರು ಕೆಲವು ವಾರಗಳ ನಂತರ ಸೋಂಕು, ರಕ್ತಸ್ರಾವಗಳಿಂದ ಸತ್ತರು. ವಿಕಿರಣ ಅವರ ಅಸ್ಥಿಮಜ್ಜೆಯನ್ನು ಸುಟ್ಟುಹಾಕಿತ್ತು. ಇನ್ನೊಂದು ಯುದ್ಧ ಬಂದರೆ ಏನು ಗತಿ ಎಂಬ ಭಯದಿಂದ ಹಲವು ದೇಶಗಳಲ್ಲಿ ಸಂಶೋಧನೆ ಶುರುವಾಯಿತು. 1949ರಲ್ಲಿ ಷಿಕಾಗೋದ ಲಿಯಾನ್ ಜೇಕಬ್‌ಸನ್, ಇಲಿಯ ಗುಲ್ಮಕ್ಕೆ, ಎಂದರೆ ನಾವು ಪಾಠದಲ್ಲಿ ಸ್ಪ್ಲೀನ್ ಎಂದು ಓದಿದ ಅಂಗಕ್ಕೆ, ಸೀಸದ ಹೊದಿಕೆ ಕೊಟ್ಟರೆ ಮಾರಕ ವಿಕಿರಣದಿಂದಲೂ ಅದು ಬದುಕುತ್ತದೆ ಎಂದು ತೋರಿಸಿದರು. 1951ರಲ್ಲಿ ಅಮೆರಿಕದ ಎಗಾನ್ ಲಾರೆನ್ಜ್ ಮತ್ತು ಅವರ ಸಂಗಡಿಗರು, ವಿಕಿರಣ ತಗುಲಿದ ಇಲಿಗೆ ಬೇರೆ ಇಲಿಯ ಮಜ್ಜೆಯನ್ನು ಚುಚ್ಚಿಕೊಟ್ಟರೂ ಅದು ಬದುಕುತ್ತದೆ ಎಂದು ಕಂಡರು. ಮಜ್ಜೆಯೊಳಗೆ ಜೀವ ಉಳಿಸುವ ಏನೋ ಒಂದು ಇದೆ ಎಂಬುದು ಖಚಿತವಾಯಿತು. ಅದು ಯಾವುದು?

ಗಡಿಯೂರಿನ ಹುಡುಗ, ನಗರದ ವೈದ್ಯ

ಜೇಮ್ಸ್ ಟಿಲ್ ಹುಟ್ಟಿದ್ದು 1931ರಲ್ಲಿ, ಕೆನಡಾದ ಲಾಯ್ಡ್‌ಮಿನ್‌ಸ್ಟರ್ ಎಂಬಲ್ಲಿ, ಕೃಷಿಕರ ಮನೆಯಲ್ಲಿ. ಆ ಊರಿನ ಮಧ್ಯದಲ್ಲೇ ಎರಡು ಪ್ರಾಂತ್ಯಗಳ ಗಡಿ ಹಾದುಹೋಗುತ್ತದೆ. ಅರ್ಧ ಊರು ಆಲ್ಬರ್ಟಾಕ್ಕೆ, ಅರ್ಧ ಸಸ್ಕಾಚೆವಾನ್‌ಗೆ. ಆಸ್ಪತ್ರೆಗೆಂದರೆ ತಲಪಾಡಿ ದಾಟುವ ನಮಗೆ ಇದನ್ನು ಓದಿ ಸ್ವಲ್ಪ ಖುಷಿಯೇ ಆಯಿತು. ಟಿಲ್ ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದರು. ಅಲ್ಲಿ ಅವರ ಗುರು ಹೆರಾಲ್ಡ್ ಜಾನ್ಸ್. ಮಿಷನರಿ ತಂದೆತಾಯಿಗಳ ಮಗನಾಗಿ ಚೀನಾದಲ್ಲಿ ಹುಟ್ಟಿದ ಜಾನ್ಸ್, 1951ರಲ್ಲಿ ಕೋಬಾಲ್ಟ್-60ರ ವಿಕಿರಣವನ್ನು ಕ್ಯಾನ್ಸರ್ ಚಿಕಿತ್ಸೆಗೆ ಬಳಸಿದ ಮೊದಲಿಗರಲ್ಲಿ ಒಬ್ಬರು. ಟಿಲ್ ಮುಂದೆ ಅಮೆರಿಕದ ಯೇಲ್‌ನಲ್ಲಿ 1957ರಲ್ಲಿ ಪಿಎಚ್‌ಡಿ ಮುಗಿಸಿ ಟೊರೊಂಟೊಗೆ ಬಂದರು.

ಅರ್ನೆಸ್ಟ್ ಮೆಕಲಕ್ ಹುಟ್ಟಿದ್ದು 1926ರಲ್ಲಿ, ಟೊರೊಂಟೊದಲ್ಲೇ, ಅನುಕೂಲಸ್ಥ ಮನೆಯಲ್ಲಿ. 1948ರಲ್ಲಿ ವೈದ್ಯ ಪದವಿ ಪಡೆದರು. ರಕ್ತದ ಕಾಯಿಲೆಗಳವರನ್ನು ನೋಡುತ್ತಿದ್ದ ವೈದ್ಯ ಅವರು. ಆ ಕಾಲದಲ್ಲಿ ತೀವ್ರ ಲ್ಯುಕೇಮಿಯಾ ಎಂದರೆ ಬಹುಪಾಲು ಮರಣದ ಮಾತೇ.

ಇಬ್ಬರೂ ಸೇರಿದ್ದು ಟೊರೊಂಟೊದ ಒಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ. ಒಬ್ಬರು ಎತ್ತರ, ಮಿತಭಾಷಿ, ಅಂಕಿಅಂಶದಲ್ಲಿ ಕಟ್ಟುನಿಟ್ಟು. ಇನ್ನೊಬ್ಬರು ಕುಳ್ಳ, ಓದಿನ ಹುಚ್ಚಿನವರು, ಹೊಸ ಹೊಸ ಯೋಚನೆಗಳಲ್ಲಿ ಓಡಾಡುವವರು. ಭೌತಶಾಸ್ತ್ರದವರು ಮತ್ತು ವೈದ್ಯರು ಒಂದೇ ಮೇಜಿಗೆ ಬರುವುದು ಆಗ ಸಾಮಾನ್ಯ ಸಂಗತಿಯಾಗಿರಲಿಲ್ಲ. ಇವರಿಬ್ಬರು ಬಂದರು, ದಶಕಗಳ ಕಾಲ ಜೊತೆಯಲ್ಲೇ ಕೆಲಸ ಮಾಡಿದರು.

ಒಂದು ಭಾನುವಾರದ ಎಣಿಕೆ

ಅವರು ಹುಡುಕಹೊರಟದ್ದು ರಕ್ತದ ತಾಯಿಕೋಶವನ್ನಲ್ಲ. ಮಜ್ಜೆಯ ಕೋಶಗಳು ಎಷ್ಟು ವಿಕಿರಣ ತಡೆದುಕೊಳ್ಳುತ್ತವೆ ಎಂದು ಅಳೆಯುವುದಷ್ಟೇ ಅವರ ಉದ್ದೇಶ. ಅದಕ್ಕಾಗಿ ಇಲಿಗಳಿಗೆ ಮಾರಕ ಪ್ರಮಾಣದ ವಿಕಿರಣ ಕೊಟ್ಟು, ಬೇರೆ ಇಲಿಗಳ ಮಜ್ಜೆಯ ಕೋಶಗಳನ್ನು ಲೆಕ್ಕ ಹಾಕಿ ಚುಚ್ಚುತ್ತಿದ್ದರು. ಎಷ್ಟು ಕೋಶ ಕೊಟ್ಟರೆ ಎಷ್ಟು ಇಲಿ ಬದುಕುತ್ತವೆ ಎಂಬುದು ಲೆಕ್ಕ. ಫಲಿತಾಂಶಕ್ಕೆ ಒಂದು ತಿಂಗಳು ಕಾಯಬೇಕಿತ್ತು.

ಕೆಲವು ಇಲಿಗಳನ್ನು ಹತ್ತನೇ ದಿನದ ಹೊತ್ತಿಗೆ ಪರೀಕ್ಷಿಸಬೇಕಿತ್ತು. ಆ ದಿನ ಭಾನುವಾರ. ಮೆಕಲಕ್ ಪ್ರಯೋಗಾಲಯಕ್ಕೆ ಬಂದರು. ಇಲಿಗಳ ಗುಲ್ಮವನ್ನು ತೆಗೆದು ನೋಡಿದಾಗ ಅದರ ಮೇಲೆ ಸಣ್ಣ ಸಣ್ಣ ಗಂಟುಗಳಿದ್ದವು. ವಿಕಿರಣ ತಗುಲಿದ ಇಲಿಯಲ್ಲಿ ಏನೋ ಊತ ಎಂದು ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಒಂದೊಂದು ಇಲಿಯ ಗಂಟುಗಳನ್ನೂ ಎಣಿಸಿದರು. ಯಾವ ಇಲಿಗೆ ಎಷ್ಟು ಕೋಶ ಕೊಟ್ಟಿತ್ತು ಎಂಬ ಲೆಕ್ಕದ ಎದುರು ಆ ಸಂಖ್ಯೆಯನ್ನು ಇಟ್ಟು ನೋಡಿದರು. ಹೆಚ್ಚು ಕೋಶ ಕೊಟ್ಟಲ್ಲಿ ಹೆಚ್ಚು ಗಂಟು, ಕಡಿಮೆ ಕೊಟ್ಟಲ್ಲಿ ಕಡಿಮೆ. ನಕ್ಷೆ ಬರೆದಾಗ ಚುಕ್ಕಿಗಳು ನೇರ ಗೆರೆಯಲ್ಲಿ ಕೂತವು. ಸರಿಸುಮಾರು 10,000 ಕೋಶಕ್ಕೆ ಒಂದು ಗಂಟು.

ಟಿಲ್ ಆ ನಕ್ಷೆ ನೋಡಿದಾಗ ಅದರ ಅರ್ಥವೇನು ಎಂದು ಇಬ್ಬರಿಗೂ ಹೊಳೆಯಿತು. ಗೆರೆ ನೇರವಾಗಿದೆ ಎಂದರೆ ಒಂದೊಂದು ಗಂಟೂ ಒಂದೊಂದೇ ಕೋಶದಿಂದ ಬೆಳೆದಿರಬಹುದು. ಆ ಗಂಟುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಒಳಗೆ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮಾಡುವ ದೊಡ್ಡ ಕೋಶ, ಎಲ್ಲ ಜಾತಿಯ ಎಳೆಯ ಕೋಶಗಳೂ ಇದ್ದವು. 1961ರಲ್ಲಿ ವಿಕಿರಣ ಸಂಶೋಧನೆಯ ಒಂದು ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದರ ತಲೆಬರಹದಲ್ಲಿ 'ಸ್ಟೆಮ್ ಸೆಲ್' ಎಂಬ ಮಾತೇ ಇರಲಿಲ್ಲ. ಗುಲ್ಮದಲ್ಲಿ ಗಂಟು ಕಟ್ಟುವ ಕೋಶ ಎಂಬಷ್ಟೇ ಅರ್ಥದ ಸಾದಾ ಹೆಸರನ್ನು ಅದಕ್ಕೆ ಕೊಟ್ಟರು. ತೋರಿಸಿದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚು ಹೇಳಲಿಲ್ಲ. ಹೊಸ ಸಂಗತಿ ಸಿಕ್ಕಿದ ಕೂಡಲೇ ಸ್ಟೇಟಸ್ ಹಾಕುವ ನಮಗೆ ಇದರಲ್ಲಿ ಒಂದು ಪಾಠ ಇದೆ ಅನ್ನಿಸಿತು.

ಒಂದೇ ಕೋಶ ಎಂಬುದಕ್ಕೆ ಸಾಕ್ಷಿ

"ಬಹುಶಃ ಒಂದೇ ಕೋಶ" ಎಂದರೆ ಸಾಲದು, ಸಾಕ್ಷಿ ಬೇಕು. ಆ ಕೆಲಸವನ್ನು ಮಾಡಿದ್ದು ಆ್ಯಂಡ್ರ್ಯೂ ಬೆಕರ್ ಎಂಬ ವಿದ್ಯಾರ್ಥಿ. ಮಜ್ಜೆಯ ಕೋಶಗಳಿಗೆ ಸ್ವಲ್ಪ ವಿಕಿರಣ ಕೊಟ್ಟರೆ ಕೆಲವು ಕೋಶಗಳ ಕ್ರೋಮೋಸೋಮುಗಳು ಮುರಿದು ವಿಚಿತ್ರವಾಗಿ ಕೂಡಿಕೊಳ್ಳುತ್ತವೆ. ಆ ಗುರುತು ಒಂದು ಕೋಶದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಹಾಗೆ ಗುರುತಾದ ಕೋಶದಿಂದ ಬೆಳೆದ ಗಂಟನ್ನು ಪರೀಕ್ಷಿಸಿದಾಗ ಅದರೊಳಗಿನ ಕೋಶಗಳಲ್ಲೆಲ್ಲ ಅದೇ ಗುರುತು ಕಂಡಿತು. ನಮ್ಮಲ್ಲಿ ಮನೆತನದ ಮುಖಲಕ್ಷಣ ನೋಡಿ "ಇವರು ಇಂಥವರ ಮೊಮ್ಮಕ್ಕಳು" ಎಂದು ಹೇಳುವ ಹಾಗೆ. 1963ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಆ ತಾಯಿಕೋಶ ರಕ್ತಕಣಗಳನ್ನು ಹೆತ್ತು ತಾನು ಮುಗಿದುಹೋಗುತ್ತದೆಯೇ? ಇದನ್ನು ತಿಳಿಯಲು ಲೂ ಸಿಮಿನೊವಿಚ್ ಎಂಬ ಸಹೋದ್ಯೋಗಿಯೊಡನೆ ಸೇರಿ, ಒಂದು ಗಂಟನ್ನು ಬಿಡಿಸಿ ಅದರ ಕೋಶಗಳನ್ನು ಹೊಸ ಇಲಿಗಳಿಗೆ ಚುಚ್ಚಿದರು. ಹೊಸ ಇಲಿಗಳ ಗುಲ್ಮದಲ್ಲೂ ಗಂಟುಗಳು ಎದ್ದವು. ಎಂದರೆ ಮೊದಲ ಕೋಶವು ರಕ್ತಕಣಗಳನ್ನು ಮಾತ್ರವಲ್ಲ, ತನ್ನಂಥದ್ದೇ ಇನ್ನಷ್ಟು ಕೋಶಗಳನ್ನೂ ಮಾಡಿತ್ತು.

ಈ ಎರಡು ಗುಣಗಳೇ ಇವತ್ತಿಗೂ ಕಾಂಡಕೋಶದ ವ್ಯಾಖ್ಯೆ: ಬೇರೆ ಬೇರೆ ಕೋಶಗಳಾಗಿ ಬದಲಾಗುವ ಶಕ್ತಿ, ಮತ್ತು ತನ್ನನ್ನೇ ತಾನು ಮತ್ತೆ ತುಂಬಿಕೊಳ್ಳುವ ಶಕ್ತಿ. ಶಿಬಿರದಲ್ಲಿ ಕೇಳಿದ "ಕೊಟ್ಟರೆ ನಮಗೇ ಕಡಿಮೆಯಾಗುವುದಿಲ್ಲವಾ?" ಎಂಬ ಪ್ರಶ್ನೆಯನ್ನು ಈಗ ಮತ್ತೊಮ್ಮೆ ಕೇಳಿನೋಡಿ. ಅದಕ್ಕೆ 1963ರಲ್ಲೇ ಉತ್ತರ ಸಿಕ್ಕಿತ್ತು.

ಸೋತು ಸೋತು ಗೆದ್ದವರು

ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗಬೇಕಲ್ಲ. ಅಮೆರಿಕದಲ್ಲಿ ಡಾ. ಡೊನಾಲ್ ಥಾಮಸ್ ಅದೇ ಹೊತ್ತಿಗೆ ಆ ದಾರಿಯಲ್ಲಿದ್ದರು. ಅವರ ಪತ್ನಿ ಡಾಟಿ ಪ್ರಯೋಗಾಲಯದಲ್ಲೂ ಬರವಣಿಗೆಯಲ್ಲೂ ಅವರ ಜೊತೆಗಾರ್ತಿ. 1957ರಲ್ಲಿ ಥಾಮಸ್ ಆರು ಮಂದಿ ರೋಗಿಗಳಿಗೆ ಮಜ್ಜೆ ಕೊಟ್ಟ ವರದಿ ಬರೆದರು. ಯಾರೂ ಬಹುಕಾಲ ಬದುಕಲಿಲ್ಲ. ಒಬ್ಬರ ಮಜ್ಜೆ ಇನ್ನೊಬ್ಬರ ದೇಹವನ್ನು ಪರರದ್ದೆಂದು ತಿಳಿದು ಅದರ ಮೇಲೆಯೇ ತಿರುಗಿಬೀಳುತ್ತಿತ್ತು. 1960ರ ದಶಕದಲ್ಲಿ ಅನೇಕರು ಇದು ಆಗದ ಕೆಲಸ ಎಂದು ಕೈಬಿಟ್ಟರು. ಥಾಮಸ್ ನಾಯಿಗಳಲ್ಲಿ ಪ್ರಯೋಗ ಮುಂದುವರಿಸಿ, ದಾನಿ ಮತ್ತು ರೋಗಿಯ ಅಂಗಾಂಶ ಹೊಂದಬೇಕು ಎಂಬುದರ ಮಹತ್ವ ಕಂಡುಕೊಂಡರು. 1977ರಲ್ಲಿ ಸಿಯಾಟಲ್‌ನಿಂದ 100 ರೋಗಿಗಳ ವರದಿ ಬಂತು. ಎಲ್ಲರೂ ಬೇರೆ ಚಿಕಿತ್ಸೆ ಫಲಿಸದೆ ಕೊನೆಯ ಹಂತಕ್ಕೆ ಬಂದ ಲ್ಯುಕೇಮಿಯಾ ರೋಗಿಗಳು. ಅವರಲ್ಲಿ 13 ಮಂದಿ ರೋಗವಿಲ್ಲದೆ ಬದುಕಿದ್ದರು. 13 ಎಂದರೆ ಕಡಿಮೆ ಅನ್ನಿಸಬಹುದು. ಅದಕ್ಕೆ ಮುಂಚೆ ಅಂಥವರಿಗೆ ಬದುಕುವ ಆಸೆಯೇ ಇರಲಿಲ್ಲ. 1990ರಲ್ಲಿ ಥಾಮಸ್ ಅವರಿಗೆ ನೊಬೆಲ್ ಬಂತು.

ನಮ್ಮ ದೇಶದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ಮೊದಲ ಮಜ್ಜೆ ಕಸಿ ಮಾಡಿದರು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಮಾಮ್ಮೆನ್ ಚಾಂಡಿ ಅವರ ನೇತೃತ್ವದಲ್ಲಿ ಅದು ಶುರುವಾಯಿತು. ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಸೇವೆ ಅದು.

ಕಳೆಯ ಬೇರು

ಇತ್ತ ಮೆಕಲಕ್ ಮತ್ತು ಟಿಲ್ ಕ್ಯಾನ್ಸರಿನ ಕಡೆಗೂ ತಿರುಗಿದರು. 1970ರ ದಶಕದಲ್ಲಿ ಲ್ಯುಕೇಮಿಯಾದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಎಲ್ಲವೂ ಬೆಳೆಯುವುದಿಲ್ಲ, ಕೆಲವು ಮಾತ್ರ ಬೆಳೆಯುತ್ತವೆ ಎಂದು ಕಂಡರು. ಹಾಗಾದರೆ ಕ್ಯಾನ್ಸರಿಗೂ ಒಂದು ತಾಯಿಕೋಶ ಇದೆಯೇ?

ಉತ್ತರ ಬಂದದ್ದು ಅದೇ ಟೊರೊಂಟೊದಿಂದ. ಟಿಲ್ ಅವರ ಶಿಷ್ಯ ಆ್ಯಲನ್ ಬರ್ನ್‌ಸ್ಟೈನ್. ಬರ್ನ್‌ಸ್ಟೈನ್ ಅವರ ಪ್ರಯೋಗಾಲಯಕ್ಕೆ ಬಂದ ತರುಣ ಜಾನ್ ಡಿಕ್. ಡಿಕ್ ಮತ್ತು ಸಂಗಡಿಗರು ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಿಗೆ ಮನುಷ್ಯನ ಲ್ಯುಕೇಮಿಯಾ ಕೋಶಗಳನ್ನು ಕೊಟ್ಟು ನೋಡಿದರು. 1994ರಲ್ಲಿ 'ನೇಚರ್'ನಲ್ಲಿ ಅವರು ಬರೆದಂತೆ, ಇಲಿಯಲ್ಲಿ ಹೊಸದಾಗಿ ರೋಗ ಹುಟ್ಟಿಸಬಲ್ಲ ಕೋಶ ಎರಡೂವರೆ ಲಕ್ಷದಲ್ಲಿ ಒಂದು. 1997ರಲ್ಲಿ ಡಾಮಿನಿಕ್ ಬೊನೆ ಮತ್ತು ಡಿಕ್ ಇದನ್ನು ಇನ್ನಷ್ಟು ಗಟ್ಟಿಗೊಳಿಸಿದರು.

ಗದ್ದೆಯಲ್ಲಿ ಕಳೆ ಕಿತ್ತವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲಿನ ಹಸಿರನ್ನು ಕೊಯ್ದರೆ ಗದ್ದೆ ಸ್ವಚ್ಛವಾಗಿ ಕಾಣುತ್ತದೆ, ಬೇರು ಉಳಿದರೆ ಒಂದು ಮಳೆಗೆ ಮತ್ತೆ ಏಳುತ್ತದೆ. ಔಷಧಿಯಿಂದ ರಕ್ತ ಪರೀಕ್ಷೆ ಚೆನ್ನಾಗಿ ಬಂದು, ಮನೆಯವರು ದೇವರಿಗೆ ಕೃತಜ್ಞತೆಯ ಪೂಜೆ ಮಾಡಿಸಿ, ಆರು ತಿಂಗಳಿಗೆ ರೋಗ ಮರಳಿದ ಕಥೆಗಳು ನಮಗೆ ಗೊತ್ತಿವೆ. ಅದು ಮನೆಯವರ ತಪ್ಪಲ್ಲ, ಅವರ ವಿಶ್ವಾಸದ ಕೊರತೆಯೂ ಅಲ್ಲ. ಅನೇಕ ಸಲ ಔಷಧಿಗೆ ಸಿಗದೆ ಉಳಿದ ಬೇರು ಅದಕ್ಕೆ ಕಾರಣ. ಯಾರಾದರೂ ಅಂಥ ಮನೆಗೆ ಹೋಗಿ ಬೇರೆ ಮಾತು ಹೇಳಿದರೆ ದಯವಿಟ್ಟು ತಡೆಯಿರಿ.

ನಮ್ಮ ಮೂರು ಪ್ರಶ್ನೆಗಳು

ಈಗ ಶಿಬಿರಕ್ಕೆ ಮರಳೋಣ.

ಮೊದಲನೆಯದು, ಬೆನ್ನುಹುರಿ. ಅಸ್ಥಿಮಜ್ಜೆಗೂ ಬೆನ್ನುಹುರಿಗೂ ಸಂಬಂಧವಿಲ್ಲ. ಮಜ್ಜೆ ತೆಗೆಯುವುದು ಸೊಂಟದ ಹಿಂಭಾಗದ ಮೂಳೆಯಿಂದ, ಅರಿವಳಿಕೆ ಕೊಟ್ಟು. ಈಗ ಹೆಚ್ಚಿನ ಸಲ ಅದೂ ಬೇಕಿಲ್ಲ. ಕೆಲವು ದಿನ ಒಂದು ಚುಚ್ಚುಮದ್ದು ಕೊಟ್ಟರೆ ಕಾಂಡಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿದು ಬರುತ್ತವೆ. ಆಮೇಲೆ ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಆ ಕೋಶಗಳನ್ನು ಬೇರ್ಪಡಿಸಿ, ಉಳಿದ ರಕ್ತವನ್ನು ನಮಗೇ ಹಿಂದಿರುಗಿಸುತ್ತಾರೆ. ಕೆಲವು ಗಂಟೆ ಮಲಗಿರಬೇಕು. ಚುಚ್ಚುಮದ್ದಿನ ದಿನಗಳಲ್ಲಿ ಮೈಕೈ ನೋವು, ತಲೆನೋವು ಬರಬಹುದು, ಅದನ್ನು ಮುಚ್ಚಿಡುವುದಿಲ್ಲ. ಕೆಲವು ದಿನಗಳಲ್ಲಿ ಅದು ಹೋಗುತ್ತದೆ.

ಎರಡನೆಯದು, ಕಡಿಮೆಯಾಗುವುದು. ಕೊಟ್ಟ ಕೋಶಗಳನ್ನು ದೇಹ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಆ ಗಂಟುಗಳನ್ನು ಎಣಿಸಿದವರು ನಮಗಾಗಿ ಸಾಬೀತು ಮಾಡಿಟ್ಟದ್ದು ಇದನ್ನೇ.

ಮೂರನೆಯದು, ಧರ್ಮಸಭೆ. ಧರ್ಮಸಭೆಯ ಆಕ್ಷೇಪ ಇರುವುದು ಭ್ರೂಣವನ್ನು ನಾಶಮಾಡಿ ಪಡೆಯುವ ಕಾಂಡಕೋಶಗಳ ಬಗ್ಗೆ. ಅವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದೇ 1998ರಲ್ಲಿ. ನಾವು ಇಲ್ಲಿ ಹೇಳುತ್ತಿರುವುದು ದೊಡ್ಡವರ ಮಜ್ಜೆಯ ಕೋಶಗಳನ್ನು, ಅವರ ಒಪ್ಪಿಗೆಯಿಂದ ಪಡೆಯುವುದನ್ನು. ಸಂತ ಪೋಪ್ ಎರಡನೇ ಜಾನ್ ಪೌಲ್ 2000ದ ಆಗಸ್ಟ್‌ನಲ್ಲಿ ರೋಮ್‌ನಲ್ಲಿ ಅಂಗ ಕಸಿ ತಜ್ಞರ ಸಮ್ಮೇಳನದಲ್ಲಿ ಮಾತನಾಡುತ್ತಾ ದಾನವನ್ನು ಪ್ರೀತಿಯ ಕಾರ್ಯವಾಗಿ ಕಂಡರು, ಸಂಶೋಧನೆಗೆ ಇಂಥ ವಯಸ್ಕ ಕಾಂಡಕೋಶಗಳ ದಾರಿಯನ್ನು ತೋರಿಸಿದರು. 2008ರ ವ್ಯಾಟಿಕನ್ ದಾಖಲೆ 'ದಿಗ್ನಿತಾಸ್ ಪೆರ್ಸೊನೆ' ಕೂಡ ಇದೇ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುತ್ತದೆ.

ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ನಮ್ಮ ಅಜ್ಜಿಯರ ಕಾಲದಲ್ಲಿ ಮನೆಯಲ್ಲಿ ಎಂಟು ಹತ್ತು ಮಕ್ಕಳಿರುತ್ತಿದ್ದರು. ಈಗ ಒಬ್ಬರೋ ಇಬ್ಬರೋ. ಹೊರಗಿನವರಲ್ಲಿ ಹುಡುಕುವುದಾದರೆ ಒಂದೇ ಮೂಲದ ಜನರಲ್ಲಿ ಹೊಂದಾಣಿಕೆ ಸಿಗುವ ಸಾಧ್ಯತೆ ಹೆಚ್ಚು. ಎಂದರೆ ನಮ್ಮ ಹುಡುಗನಿಗೆ ಬೇಕಾದ ಕೋಶ ದೂರದ ದೇಶದಲ್ಲಿ ಇರುವುದಕ್ಕಿಂತ ನಮ್ಮ ವಾಳೆಗಳಲ್ಲೇ, ಪಕ್ಕದ ಇಗರ್ಜಿಯ ಬೆಂಚಿನಲ್ಲೇ ಇರುವ ಸಂಭವ ಹೆಚ್ಚು. ಹೆಸರು ಕೊಡಲು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ಕೊಟ್ಟರೆ ಸಾಕು. ಆದರೆ ಒಂದು ಮಾತು: ಹೆಸರು ಕೊಟ್ಟು, ಕರೆ ಬಂದಾಗ ಹಿಂದೆ ಸರಿಯಬೇಡಿ. ಹೊಸ ಮಜ್ಜೆಗಾಗಿ ರೋಗಿಯ ಹಳೆಯ ಮಜ್ಜೆಯನ್ನು ಇಲ್ಲವಾಗಿಸಿದ ಮೇಲೆ ದಾನಿ ಬಾರದಿದ್ದರೆ ಅವನಿಗೆ ಬೇರೆ ದಾರಿಯಿಲ್ಲ. ಮನೆಯವರೊಡನೆ ಮಾತನಾಡಿ, ಯೋಚಿಸಿ, ಆಮೇಲೆ ಹೆಸರು ಕೊಡಿ.

ಟಿಲ್ ಮತ್ತು ಮೆಕಲಕ್ ಅವರಿಗೆ 1969ರಲ್ಲಿ ಗೈರ್ಡ್ನರ್, 2005ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್ ಬರಲಿಲ್ಲ. ಮೆಕಲಕ್ 2011ರ ಜನವರಿಯಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಪದವಿ ತರಗತಿಯಲ್ಲಿ ನಾವು ಒಮ್ಮೆಯೂ ಕೇಳಿರಲಿಲ್ಲ. ಆದರೂ ಇವತ್ತು ಯಾವುದೇ ಊರಿನಲ್ಲಿ ಒಬ್ಬನಿಗೆ ಇನ್ನೊಬ್ಬನ ಕಾಂಡಕೋಶ ಕೊಡುವಾಗ ಅವರ ಎಣಿಕೆ ಅಲ್ಲಿ ಕೆಲಸ ಮಾಡುತ್ತಿರುತ್ತದೆ.

ಮುಂದಿನ ಶಿಬಿರದಲ್ಲಿ ಅದೇ ವೈದ್ಯರು ಬರುತ್ತಾರೆ, ಅದೇ ಪ್ರಶ್ನೆ ಕೇಳುತ್ತಾರೆ. ನಮ್ಮ ಸಂಘಟನೆಯ ಪದಾಧಿಕಾರಿಗಳು ಮೊದಲು ಹೆಸರು ಬರೆಸುವುದೆಂದು ತೀರ್ಮಾನಿಸಿದ್ದೇವೆ. ನಿಮ್ಮ ಗುರಿಕಾರರಿಗೂ ಮನೆಯ ಹಿರಿಯರಿಗೂ ಇದನ್ನು ಓದಿ ಹೇಳಿ. ಆ ಹುಡುಗನನ್ನು ಪ್ರಾರ್ಥನೆಯಲ್ಲಿ ನೆನೆಯುತ್ತಿದ್ದೀರಿ ಎಂದು ನಮಗೆ ಗೊತ್ತು. ಅದರ ಜೊತೆಗೆ ನಮ್ಮ ಕೈಯಲ್ಲಿ ಆಗುವುದೂ ಒಂದಿದೆ ಎಂದು ಈಗ ನಿಮಗೂ ಗೊತ್ತಾಯಿತು.

ದೇವರು ನಮ್ಮೆಲ್ಲರನ್ನೂ ಹರಸಲಿ.